ಓದುಗರ ಪ್ರಶ್ನೆ: ಅಮೆರಿಕದ ಕಪ್ಪು ಕುಟುಂಬಗಳ ಕೈಯಲ್ಲಿ ಆಸ್ತಿ ಏಕೆ ನಿಲ್ಲಲಿಲ್ಲ?

ಪ್ರಶ್ನೆ: “ಅಮೆರಿಕದಲ್ಲಿ ವರ್ಣಭೇದವನ್ನು ಕಾನೂನಿನಿಂದ ತೆಗೆದುಹಾಕಿ ಅರವತ್ತು ವರ್ಷಗಳಾದವು. ಕಪ್ಪು ವರ್ಣದವರೊಬ್ಬರು ಎರಡು ಅವಧಿಗೆ ಅಧ್ಯಕ್ಷರೂ ಆದರು. ನಮ್ಮ ಕಡೆಯಿಂದ ಹೋದವರು ಒಂದೇ ತಲೆಮಾರಿನಲ್ಲಿ ಮನೆ, ಕಾರು, ಉಳಿತಾಯ ಎಲ್ಲವನ್ನೂ ಮಾಡಿಕೊಂಡಿದ್ದಾರೆ. ಹೀಗಿರುವಾಗ ಅಲ್ಲಿನ ಕಪ್ಪು ಜನ ಇಂದಿಗೂ ಹಿಂದುಳಿದಿರುವುದಕ್ಕೆ ವರ್ಣಭೇದವೇ ಕಾರಣವೆಂದು ಹೇಳುವುದು ಎಷ್ಟು ಸರಿ?”

ಈ ಪ್ರಶ್ನೆಯನ್ನು ಕೇಳುವವರೆಲ್ಲರ ಮನಸ್ಸಿನಲ್ಲಿ ದ್ವೇಷವಿರುತ್ತದೆ ಎಂದು ನಾನು ಭಾವಿಸುವುದಿಲ್ಲ. ಕಷ್ಟಪಟ್ಟು ಮೇಲೆ ಬಂದವರಿಗೆ ಉಳಿದವರೂ ಹಾಗೆಯೇ ಬರಬಹುದಿತ್ತಲ್ಲ ಎನ್ನಿಸುವುದು ಸಹಜ. ಆದರೆ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಲೆಕ್ಕಗಳು ಕಲಸಿಹೋಗಿವೆ. ಅವನ್ನು ಬಿಡಿಸದೆ ಉತ್ತರ ಹೇಳಲಾಗುವುದಿಲ್ಲ. ಒಂದು, ತಿಂಗಳು ತಿಂಗಳು ಕೈಗೆ ಬರುವ ದುಡಿಮೆ. ಇನ್ನೊಂದು, ಸಾಲವನ್ನೆಲ್ಲ ಕಳೆದ ಮೇಲೆ ಮನೆಯಲ್ಲಿ ಉಳಿದಿರುವ ಆಸ್ತಿ. 2022ರಲ್ಲಿ ಮಧ್ಯಮ ಸ್ತರದ ಬಿಳಿಯ ಕುಟುಂಬವೊಂದು ವರ್ಷಕ್ಕೆ ನೂರು ಡಾಲರ್ ದುಡಿದರೆ ಅದೇ ಸ್ತರದ ಕಪ್ಪು ಕುಟುಂಬ ಸುಮಾರು ಅರವತ್ತೈದು ಡಾಲರ್ ದುಡಿಯುತ್ತಿತ್ತು. ಅದೇ ವರ್ಷ ಅಮೆರಿಕದ ಕೇಂದ್ರ ಬ್ಯಾಂಕು ನಡೆಸಿದ ಸಮೀಕ್ಷೆಯಲ್ಲಿ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900 ಡಾಲರ್ ಎಂದು ತಿಳಿದುಬಂತು. ಅಂದರೆ ನೂರಕ್ಕೆ ಹದಿನಾರು. ಅರವತ್ತೈದು ದುಡಿಯುವವರ ಬಳಿ ಅರವತ್ತೈದಲ್ಲದಿದ್ದರೂ ಐವತ್ತಾದರೂ ಇರಬೇಕಿತ್ತು. ಹದಿನಾರೇ ಏಕೆ ಉಳಿಯಿತು? ಸೋಮಾರಿತನವೇ ಕಾರಣವಾಗಿದ್ದರೆ ದುಡಿಮೆಯ ಲೆಕ್ಕವೂ ಅಷ್ಟೇ ಕೆಳಗೆ ಬೀಳಬೇಕಿತ್ತು. ಈ ಎರಡು ಅಂಕಿಗಳ ನಡುವಿನ ಅಂತರ ಇಂದಿನ ಸಂಬಳದಿಂದ ಹುಟ್ಟಿದ್ದಲ್ಲ. ಅಜ್ಜ, ಮುತ್ತಜ್ಜಂದಿರ ಕಾಲದ ಮನೆ ಕಾಗದಪತ್ರಗಳಲ್ಲಿ ಹುಟ್ಟಿದ್ದು.

ಡೆಟ್ರಾಯಿಟ್ ನಗರದ ಉತ್ತರದ ಅಂಚಿನಲ್ಲಿ, ಎಯ್ಟ್ ಮೈಲ್ ರಸ್ತೆಯ ಹತ್ತಿರ, ಮನೆಗಳ ಹಿತ್ತಲಿಗೆ ಒತ್ತಿಕೊಂಡಂತೆ ಒಂದು ಕಾಂಕ್ರೀಟ್ ಗೋಡೆ ಇದೆ. ಎತ್ತರ ಸುಮಾರು ಆರಡಿ, ಉದ್ದ ಅರ್ಧ ಮೈಲಿ. ಅದು ಯಾವ ಕಾರ್ಖಾನೆಯ ಕಾಂಪೌಂಡೂ ಅಲ್ಲ, ನೀರು ತಡೆಯುವ ಒಡ್ಡೂ ಅಲ್ಲ. 1941ರಲ್ಲಿ ಒಬ್ಬ ಬಿಲ್ಡರ್ ಅಲ್ಲಿ ಬಿಳಿಯರಿಗಾಗಿ ಹೊಸ ಬಡಾವಣೆ ಕಟ್ಟಲು ಹೊರಟಿದ್ದ. ಪಕ್ಕದಲ್ಲೇ ಕಪ್ಪು ಜನರ ಮನೆಗಳಿದ್ದವು. ಗೃಹಸಾಲಕ್ಕೆ ಖಾತರಿ ನೀಡುವ ಸರ್ಕಾರಿ ಸಂಸ್ಥೆ, ಕಪ್ಪು ಜನರ ನೆರೆ ಇರುವ ಜಾಗ ನಷ್ಟಕ್ಕೆ ದಾರಿಯೆಂದು ಹೇಳಿ ಮೊದಲು ಒಪ್ಪಲಿಲ್ಲ. ಬಿಲ್ಡರ್ ನಡುವೆ ಗೋಡೆ ಎಬ್ಬಿಸಿದ, ಖಾತರಿ ಸಿಕ್ಕಿತು. ಕಳ್ಳರಿಂದ ರಕ್ಷಣೆಗೆ ಆ ಗೋಡೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ, ಯಾರು ಬೇಕಾದರೂ ಬಳಸಿಕೊಂಡು ಆಚೆ ಹೋಗಬಹುದಿತ್ತು. ಅದರ ಕೆಲಸವಿದ್ದದ್ದು ಕಡತದಲ್ಲಿ ಮಾತ್ರ. ಈಗ ಗೋಡೆಯ ಎರಡೂ ಬದಿಯಲ್ಲಿ ಹೆಚ್ಚಾಗಿ ಕಪ್ಪು ಕುಟುಂಬಗಳೇ ಇವೆ, ಆಟದ ಮೈದಾನದ ಬಳಿಯ ಭಾಗಕ್ಕೆ ಊರಿನವರು 2006ರಲ್ಲಿ ಬಣ್ಣ ಬಣ್ಣದ ಚಿತ್ರಗಳನ್ನು ಬರೆದಿದ್ದಾರೆ.

ಆ ಖಾತರಿಗೆ ಅಷ್ಟೇಕೆ ಬೆಲೆ ಎಂಬುದನ್ನು ಸ್ವಲ್ಪ ವಿವರಿಸಬೇಕು. 1930ರ ದಶಕದವರೆಗೆ ಅಮೆರಿಕದಲ್ಲಿ ಮನೆ ಕೊಳ್ಳುವವರು ಅರ್ಧದಷ್ಟು ಹಣವನ್ನು ಮುಂಗಡವಾಗಿ ಹಾಕಿ, ಉಳಿದ ಸಾಲವನ್ನು ಐದೋ ಹತ್ತೋ ವರ್ಷಗಳಲ್ಲಿ ತೀರಿಸಬೇಕಾಗಿತ್ತು. ಹಾಗಾಗಿ ಸ್ವಂತ ಮನೆ ಉಳ್ಳವರ ಮಾತಾಗಿತ್ತು. ಮಹಾ ಆರ್ಥಿಕ ಕುಸಿತದ ನಡುವೆ, 1934ರಲ್ಲಿ, ರೂಸ್‌ವೆಲ್ಟ್ ಸರ್ಕಾರ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಶನ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. ಅದು ತಾನಾಗಿ ಸಾಲ ಕೊಡುತ್ತಿರಲಿಲ್ಲ. ಸಾಲಗಾರ ಕಂತು ತಪ್ಪಿಸಿದರೆ ಬ್ಯಾಂಕಿಗೆ ತಾನು ಹಣ ಕೊಡುವುದಾಗಿ ಹೊಣೆ ಹೊರುತ್ತಿತ್ತು. ಈ ಒಂದು ಹೊಣೆಯಿಂದ ಬ್ಯಾಂಕುಗಳು ಅಲ್ಪ ಮುಂಗಡಕ್ಕೆ, ಇಪ್ಪತ್ತು ವರ್ಷಕ್ಕೂ ಮೀರಿದ ಅವಧಿಗೆ ಸಾಲ ಕೊಡಲು ಮುಂದಾದವು. ಕಾರ್ಖಾನೆಯ ಕಾರ್ಮಿಕನೂ ಮನೆಯ ಯಜಮಾನನಾದ. ಆದರೆ ಅದೇ ಸಂಸ್ಥೆಯ ಕೈಪಿಡಿ, ಒಂದು ಪ್ರದೇಶದಲ್ಲಿ ಬೇರೆ ಬೇರೆ ಜನಾಂಗದವರು ಬೆರೆತರೆ ಬೆಲೆ ಬೀಳುತ್ತದೆ ಎಂದು ಹೇಳಿ, ಕಪ್ಪು ಜನರಿಗೆ ಮಾರಬಾರದೆಂಬ ಷರತ್ತನ್ನು ಕ್ರಯಪತ್ರದಲ್ಲೇ ಬರೆಯಿಸುವುದು ಒಳ್ಳೆಯದೆಂದು ಸಲಹೆ ಮಾಡಿತ್ತು. ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆಗಳಲ್ಲಿ ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿದದ್ದು ಮತ್ತೊಂದು ಸರ್ಕಾರಿ ಸಂಸ್ಥೆ. ಆ ನಕ್ಷೆಗಳ ಮಾತು ಇತ್ತೀಚೆಗೆ ಎಲ್ಲರ ಬಾಯಲ್ಲೂ ಇದೆ, ಆದರೆ ನನ್ನ ಮಟ್ಟಿಗೆ ನಕ್ಷೆಗಿಂತ ಹೆಚ್ಚಿನ ಕೇಡು ಮಾಡಿದ್ದು ಈ ಕೈಪಿಡಿ. ಇದೆಲ್ಲ ನಡೆದದ್ದು ಉದಾರವಾದಿಗಳು ಇಂದಿಗೂ ಹೆಮ್ಮೆಯಿಂದ ನೆನೆಯುವ ಆಡಳಿತದಲ್ಲಿ ಎಂಬುದನ್ನೂ ಮರೆಯಬಾರದು.

ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮರಳಿದಾಗ ಅವರ ಗೃಹಸಾಲಕ್ಕೆ ಖಾತರಿ ಕೊಡುವ ಕಾನೂನು ಸಿದ್ಧವಿತ್ತು. ಕಾನೂನಿನ ಅಕ್ಷರಗಳಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೆ ಸಾಲ ಮಂಜೂರು ಮಾಡುವವರು ಊರಿನ ಬ್ಯಾಂಕಿನವರು. 1947ರಲ್ಲಿ ಮಿಸಿಸಿಪ್ಪಿ ರಾಜ್ಯದ ಹದಿಮೂರು ನಗರಗಳಲ್ಲಿ ಈ ಯೋಜನೆಯಡಿ ಮನೆ, ವ್ಯಾಪಾರ, ಕೃಷಿಗೆಂದು ಕೊಟ್ಟ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಅದೇ ವರ್ಷ ನ್ಯೂಯಾರ್ಕಿನ ಹೊರವಲಯದ ಲಾಂಗ್ ಐಲೆಂಡಿನಲ್ಲಿ ಲೆವಿಟೌನ್ ಎಂಬ ಊರು ಎದ್ದಿತು. ಆಲೂಗಡ್ಡೆಯ ಹೊಲಗಳಿದ್ದ ಜಾಗದಲ್ಲಿ ಕೆಲವೇ ವರ್ಷಗಳಲ್ಲಿ ಸುಮಾರು 17,000 ಮನೆಗಳು, ಎಲ್ಲವೂ ಒಂದೇ ಅಚ್ಚಿನವು. 1950ರಲ್ಲಿ ಒಂದು ಮನೆಯ ಬೆಲೆ 7,990 ಡಾಲರ್. ಅಂದಿನ ಸಾಧಾರಣ ಕುಟುಂಬದ ಸುಮಾರು ಎರಡೂವರೆ ವರ್ಷದ ಆದಾಯ. ನಿವೃತ್ತ ಸೈನಿಕರು ಮುಂಗಡವಿಲ್ಲದೆಯೇ ಮನೆ ಹಿಡಿಯಬಹುದಿತ್ತು. ಆರಂಭದ ಕರಾರುಪತ್ರದಲ್ಲಿ, ಬಿಳಿಯರಲ್ಲದವರು ಮನೆಗೆಲಸದವರಾಗಿ ಹೊರತು ಇಲ್ಲಿ ವಾಸಿಸುವಂತಿಲ್ಲ ಎಂಬ ಅರ್ಥದ ಷರತ್ತಿತ್ತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡಕೂಡದೆಂದು ಸುಪ್ರೀಂ ಕೋರ್ಟು 1948ರಲ್ಲಿ ಹೇಳಿದ ಮೇಲೆ ಬರಹ ಹೋಯಿತು, ಪದ್ಧತಿ ಉಳಿಯಿತು. ಒಂದೇ ಯುದ್ಧದಲ್ಲಿ ಹೋರಾಡಿದ ಇಬ್ಬರಲ್ಲಿ ಒಬ್ಬನ ಕಂತು ಅವನದೇ ಮನೆಗೆ ಸಂದಿತು, ಇನ್ನೊಬ್ಬನ ಬಾಡಿಗೆ ಮನೆಯ ಮಾಲೀಕನಿಗೆ ಸಂದಿತು. ಲೆವಿಟೌನಿನ ಆ ಪುಟ್ಟ ಮನೆಗಳು ಈಗ ಐದು ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಗುತ್ತವೆ. ಮಗಳ ಕಾಲೇಜಿನ ಶುಲ್ಕಕ್ಕೆ, ಮಗನ ಅಂಗಡಿಗೆ, ಮೊಮ್ಮಗನ ಮನೆಯ ಮುಂಗಡಕ್ಕೆ ಅಡವಿಡಲು ಒಬ್ಬರಿಗೆ ಏನೋ ಇತ್ತು.

ಗುಲಾಮಗಿರಿಯ ಕಾಲಕ್ಕೆ ಹಿಂದಿರುಗುವ ಅಗತ್ಯ ಇಲ್ಲಿಲ್ಲ. 1865ರ ಜನವರಿಯಲ್ಲಿ ಸೇನಾಧಿಕಾರಿ ಶೆರ್ಮನ್ ಬಿಡುಗಡೆಯಾದ ಕುಟುಂಬಗಳಿಗೆ ನಲವತ್ತು ಎಕರೆ ಹಂಚಲು ಆಜ್ಞೆ ಮಾಡಿದ, ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಿದ ಎಂಬಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ. ಏಕೆಂದರೆ ಲೆವಿಟೌನಿನ ಕಾಲದಲ್ಲಿ ಮನೆ ನಿರಾಕರಿಸಲ್ಪಟ್ಟವರ ಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ.

ಹಾಗಾದರೆ ಕಾನೂನು ಏನು ಮಾಡಿತು? 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಒಂದು ವಾರದೊಳಗೆ, ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸುವ ಕಾನೂನಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. ನಿಷೇಧವೇನೋ ಬಂತು, ತಪ್ಪು ಮಾಡಿದವರನ್ನು ಹಿಡಿದು ದಂಡಿಸುವ ಬಲ ಅದಕ್ಕೆ ಸರಿಯಾಗಿ ಬಂದದ್ದು 1988ರ ತಿದ್ದುಪಡಿಯಿಂದ. ಇದಕ್ಕಿಂತ ಮುಖ್ಯವಾಗಿ, ಇನ್ನು ಮುಂದೆ ಎಲ್ಲರಿಗೂ ಒಂದೇ ದರ ಎಂದು ಸಾರುವ ಹೊತ್ತಿಗೆ ದರವೇ ಏರಿಬಿಟ್ಟಿತ್ತು. ಕಡಿಮೆ ಬೆಲೆಗೆ ಸರ್ಕಾರದ ಹೊಣೆಯಲ್ಲಿ ಮನೆ ಹಿಡಿದವರು ಹಿಡಿದಾಗಿತ್ತು. ಹೊಸದಾಗಿ ಬಂದವರು ಅವರಿಂದಲೇ ಮಾರುಕಟ್ಟೆ ಬೆಲೆಗೆ ಕೊಳ್ಳಬೇಕಾಗಿತ್ತು. ಕಪ್ಪು ಕಾರ್ಮಿಕರಿಗೆ ಒಳ್ಳೆಯ ಕೂಲಿ ಕೊಡುತ್ತಿದ್ದ ಕಾರ್ಖಾನೆಗಳು ಊರು ಬಿಡತೊಡಗಿದ್ದೂ ಅದೇ ಕಾಲದಲ್ಲಿ. 1950ರಲ್ಲಿ ಹದಿನೆಂಟು ಲಕ್ಷ ದಾಟಿದ್ದ ಡೆಟ್ರಾಯಿಟಿನ ಜನಸಂಖ್ಯೆ 2020ಕ್ಕೆ ಆರೂವರೆ ಲಕ್ಷಕ್ಕಿಂತ ಕೆಳಗಿಳಿಯಿತು.

ಅಮೆರಿಕದಲ್ಲಿ ಸರ್ಕಾರಿ ಶಾಲೆಯ ಖರ್ಚಿನ ದೊಡ್ಡ ಪಾಲು ಬರುವುದು ಅದೇ ಊರಿನ ಮನೆಗಳ ಆಸ್ತಿ ತೆರಿಗೆಯಿಂದ ಎಂಬುದು ನಮ್ಮವರಿಗೆ ಅಲ್ಲಿಗೆ ಹೋಗುವವರೆಗೆ ಗೊತ್ತಿರುವುದಿಲ್ಲ. ಹೋದ ಮೇಲೆ ಅವರೂ ಮನೆ ಹುಡುಕುವಾಗ ಮೊದಲು ನೋಡುವುದು ಶಾಲೆಯ ಶ್ರೇಯಾಂಕವನ್ನೇ. ಮನೆಯ ಬೆಲೆ ಕಡಿಮೆಯಾದಲ್ಲಿ ತೆರಿಗೆಯೂ ಕಡಿಮೆ, ಶಾಲೆಗೆ ಹಣವೂ ಕಡಿಮೆ. ರಾಜ್ಯ ಸರ್ಕಾರಗಳು ಈ ಕೊರತೆಯನ್ನು ಅಷ್ಟಿಷ್ಟು ತುಂಬುತ್ತವೆಯಾದರೂ ಹಲವೆಡೆ ಪೂರ್ತಿ ನೀಗಿಸುವುದಿಲ್ಲ. ಡೆಟ್ರಾಯಿಟಿನ ಶಾಲೆಗಳನ್ನು ಸುತ್ತಲಿನ ಬಿಳಿಯ ಉಪನಗರಗಳ ಶಾಲೆಗಳೊಂದಿಗೆ ಸೇರಿಸಿ ಮಕ್ಕಳನ್ನು ಬೆರೆಸಬೇಕೆಂಬ ಕೆಳ ನ್ಯಾಯಾಲಯದ ಆದೇಶವನ್ನು ಸುಪ್ರೀಂ ಕೋರ್ಟು 1974ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ರದ್ದುಪಡಿಸಿತು. ಆರಡಿಯ ಗೋಡೆಗಿಂತ ನಗರದ ಗಡಿರೇಖೆ ಗಟ್ಟಿಯಾಯಿತು.

ಇಷ್ಟಾದರೂ ಹಣ ಜೋಡಿಸಿ ಮನೆ ಕೊಂಡ ಕಪ್ಪು ಕುಟುಂಬಗಳ ಮೇಲೆ ಕೊನೆಯ ಪೆಟ್ಟು ಬಿದ್ದದ್ದು ಈ ಶತಮಾನದಲ್ಲಿ. 2008ರ ಕುಸಿತಕ್ಕೆ ಮುಂಚೆ, ಒಂದೇ ರೀತಿಯ ಸಾಲದ ಅರ್ಹತೆಯಿದ್ದರೂ ಕಪ್ಪು ಮತ್ತು ಲ್ಯಾಟಿನೋ ಗ್ರಾಹಕರನ್ನು ದುಬಾರಿ ಸಾಲಗಳ ಕಡೆಗೆ ತಳ್ಳಲಾಗಿತ್ತು ಎಂಬ ಆರೋಪದ ಮೇಲೆ, ಗೃಹಸಾಲ ಕೊಡುತ್ತಿದ್ದ ಕಂಟ್ರಿವೈಡ್ ಕಂಪನಿಯ ಪ್ರಕರಣ 2011ರಲ್ಲಿ 33.5 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ಹಿಂದೆ ಸಾಲವೇ ಕೊಡದ ಕೇರಿಗಳಿಗೆ ಹೋಗಿ, ತೀರಿಸಲಾಗದ ಸಾಲ ಕೊಟ್ಟು ಬಂದದ್ದಾಯಿತು. ಇಂದು ಬಿಳಿಯರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಸ್ವಂತ ಮನೆಯಲ್ಲಿದ್ದರೆ ಕಪ್ಪು ಜನರಲ್ಲಿ ಸುಮಾರು ನಲವತ್ತೈದು.

ಈಗ ನಮ್ಮವರ ವಿಚಾರಕ್ಕೆ ಬರೋಣ. ಭಾರತೀಯರಿಗೆ ಅಮೆರಿಕ ಯಾವತ್ತೂ ಮಣೆ ಹಾಕಿ ಕೂರಿಸಿದ ದೇಶವಲ್ಲ. ಅಲ್ಲಿನ ಸೈನ್ಯದಲ್ಲೇ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂದ್ ಅವರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪಿತ್ತಿತು. 1946ರ ಕಾನೂನು ವರ್ಷಕ್ಕೆ ಬರೀ ನೂರು ಭಾರತೀಯರಿಗೆ ಅವಕಾಶ ಕೊಟ್ಟಿತು. ನಮ್ಮ ವೈದ್ಯರೂ ಎಂಜಿನಿಯರುಗಳೂ ದೊಡ್ಡ ಸಂಖ್ಯೆಯಲ್ಲಿ ಹೋಗಲು ಸಾಧ್ಯವಾದದ್ದು 1965ರ ವಲಸೆ ಕಾನೂನಿನಿಂದ. ಆ ಕಾನೂನು, ಬಣ್ಣದ ಮೇಲಿನ ತಾರತಮ್ಯ ನಿಲ್ಲಬೇಕೆಂದು ಕಪ್ಪು ಜನ ಲಾಠಿ ಏಟು ತಿಂದು ನಡೆಸಿದ ಚಳವಳಿಯ ಗಾಳಿಯಲ್ಲೇ ಬಂದದ್ದು. ಸಿಯಾಟಲ್ ಸುತ್ತಮುತ್ತ ಹಳೆಯ ಮನೆ ಕೊಳ್ಳುವ ಕನ್ನಡಿಗರು ಮೂಲ ಪತ್ರವನ್ನು ಪೂರ್ತಿ ಓದಿದರೆ, ಏಷ್ಯಾ ಮೂಲದವರಿಗೆ ಮಾರತಕ್ಕದ್ದಲ್ಲ ಎಂಬ ಸತ್ತ ಷರತ್ತು ಕಣ್ಣಿಗೆ ಬೀಳುವುದುಂಟು. ಆ ಷರತ್ತನ್ನು ಸಾಯಿಸಿದವರು ನಮ್ಮವರಲ್ಲ.

ಜೊತೆಗೆ, ಹೋದವರು ಯಾರು ಎಂಬುದನ್ನು ನೋಡಬೇಕು. ಬೆಂಗಳೂರಿನ ಯುವಿಸಿಇ, ಸುರತ್ಕಲ್ಲಿನ ಕೆಆರ್‌ಇಸಿ, ಮೈಸೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಜನರ ತೆರಿಗೆ ಹಣದಲ್ಲಿ ಅತ್ಯಲ್ಪ ಶುಲ್ಕಕ್ಕೆ ಓದಿ, ಪದವಿ ಹಿಡಿದು ಹೋದವರು. ಬಹುಪಾಲು ಮೇಲ್ಜಾತಿಗಳವರು, ಒಂದೆರಡು ತಲೆಮಾರಿನಿಂದ ಅಕ್ಷರವಿದ್ದ ಮನೆಗಳವರು. ಅಮೆರಿಕದಲ್ಲಿರುವ ಭಾರತೀಯ ವಯಸ್ಕರಲ್ಲಿ ನಾಲ್ವರಿಗೆ ಸುಮಾರು ಮೂವರು ಪದವೀಧರರು. ಭಾರತದಲ್ಲಿ ಈ ಪ್ರಮಾಣ ಅದರ ಹತ್ತಿರಕ್ಕೂ ಬರುವುದಿಲ್ಲ. ಜರಡಿ ಹಿಡಿದು ಆರಿಸಿದ ಕಾಳನ್ನು ಇಡೀ ಹೊಲದ ಬೆಳೆಯೊಂದಿಗೆ ತೂಗುವುದು ಸರಿಯಾದ ತಕ್ಕಡಿಯಲ್ಲ. ಅವರ ಶ್ರಮವನ್ನು ನಾನು ಅಲ್ಲಗಳೆಯುತ್ತಿಲ್ಲ.

ಅಲ್ಲಿನ ಸಂಪ್ರದಾಯವಾದಿಗಳ ವಾದವನ್ನೂ ಕೇಳಬೇಕು. ಒಂಟಿ ಪೋಷಕರ ಕುಟುಂಬಗಳು, ಕಲಿಕೆ ಇಲ್ಲದ ಶಾಲೆಗಳು, ನೆರೆಹೊರೆಯ ಅಪರಾಧ ಇವೆಲ್ಲ ಬಡತನವನ್ನು ಮುಂದುವರಿಸುತ್ತವೆ ಎಂದು ಅವರು ಹೇಳುವುದರಲ್ಲಿ ಹುರುಳಿಲ್ಲದಿಲ್ಲ. ಆದರೆ ತಂದೆ ತಾಯಿ ಇಬ್ಬರೂ ಇರುವ, ಇಬ್ಬರೂ ಓದಿರುವ ಕುಟುಂಬಗಳನ್ನು ಮಾತ್ರ ಹೋಲಿಸಿದರೂ ಆಸ್ತಿಯ ಕಂದಕ ಮುಚ್ಚುವುದಿಲ್ಲ ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ. ಉದಾರವಾದಿಗಳ ನಡತೆಯೂ ಮೆಚ್ಚುವಂಥದ್ದೇನಲ್ಲ. ಡೆಮಾಕ್ರಟಿಕ್ ಪಕ್ಷದ ಭದ್ರ ನೆಲೆಯಾದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಊರುಗಳಲ್ಲಿ, ಅಂಗಳದಲ್ಲಿ ಸಮಾನತೆಯ ಫಲಕ ನೆಟ್ಟವರೇ ತಮ್ಮ ಬೀದಿಯಲ್ಲಿ ಬಹುಮಹಡಿ ಕಟ್ಟಡ ಬೇಡವೆಂದು ನಗರಸಭೆಯ ಸಭೆಗಳಲ್ಲಿ ವಾದಿಸುತ್ತ ಬಂದಿದ್ದಾರೆ. ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ನಿಯಮದಲ್ಲಿ ಬಣ್ಣದ ಹೆಸರಿಲ್ಲ. ಪರಿಣಾಮ ಮಾತ್ರ ಹಳೆಯ ಷರತ್ತಿನದೇ.

ಬಡತನಕ್ಕೆ ಬಣ್ಣ ನೋಡದೆ ಮದ್ದು ಮಾಡಬಾರದೇಕೆ ಎಂದು ಕೇಳುವವರಿಗೆ 2021ರ ಅನುಭವವಿದೆ. ಆ ವರ್ಷ ಬೈಡನ್ ಸರ್ಕಾರ ಆರು ವರ್ಷದೊಳಗಿನ ಪ್ರತಿ ಮಗುವಿಗೆ 3,600, ಹದಿನೇಳರವರೆಗಿನ ಮಕ್ಕಳಿಗೆ 3,000 ಡಾಲರಿನ ನೆರವನ್ನು ಬಹುತೇಕ ಎಲ್ಲ ಸಾಮಾನ್ಯ ಕುಟುಂಬಗಳಿಗೂ ನೀಡಿತು. ನೆರವುಗಳನ್ನೂ ಲೆಕ್ಕಕ್ಕೆ ಹಿಡಿಯುವ ಸರ್ಕಾರಿ ಅಳತೆಯ ಪ್ರಕಾರ ಮಕ್ಕಳ ಬಡತನ ನೂರಕ್ಕೆ 5.2ಕ್ಕೆ ಇಳಿಯಿತು. ಅದನ್ನು ಮುಂದುವರಿಸುವುದನ್ನು ಸೆನೆಟ್ಟಿನಲ್ಲಿ ರಿಪಬ್ಲಿಕನ್ನರು ಒಟ್ಟಾಗಿ ವಿರೋಧಿಸಿದರು, ಆಗ ಡೆಮಾಕ್ರಟಿಕ್ ಪಕ್ಷದವರೇ ಆಗಿದ್ದ ವೆಸ್ಟ್ ವರ್ಜೀನಿಯಾದ ಜೋ ಮ್ಯಾಂಚಿನ್ ಅವರೂ ಒಪ್ಪಲಿಲ್ಲ. ನೆರವು ನಿಂತಿತು, ಮರುವರ್ಷ ಅಂಕಿ 12.4ಕ್ಕೆ ಏರಿತು. ವೆಸ್ಟ್ ವರ್ಜೀನಿಯಾ ದೇಶದ ಅತ್ಯಂತ ಬಡ ರಾಜ್ಯಗಳಲ್ಲೊಂದು, ಅಲ್ಲಿನ ಜನರಲ್ಲಿ ನೂರಕ್ಕೆ ತೊಂಬತ್ತರಷ್ಟು ಬಿಳಿಯರು.

ಹಳೆಯ ಲೆಕ್ಕವನ್ನು ನೇರವಾಗಿ ತೀರಿಸಲು ಹೊರಟ ಊರೊಂದಿದೆ. ಶಿಕಾಗೋ ಪಕ್ಕದ ಎವನ್‌ಸ್ಟನ್ ನಗರಸಭೆ, 1919ರಿಂದ 1969ರ ನಡುವೆ ಅಲ್ಲಿ ವಾಸವಿದ್ದ ಕಪ್ಪು ನಿವಾಸಿಗಳಿಗೂ ಅವರ ಸಂತತಿಗೂ ಮನೆಯ ಬಾಬ್ತಿಗೆಂದು ತಲಾ 25,000 ಡಾಲರ್ ಕೊಡುವ ಯೋಜನೆಯನ್ನು 2021ರಲ್ಲಿ ಒಪ್ಪಿತು. ಆರಂಭದಲ್ಲಿ ಹಣದ ಮೂಲ ಗಾಂಜಾ ಮಾರಾಟದ ತೆರಿಗೆ. ಇದು ಬಿಳಿಯರಿಗೆ ಮಾಡುವ ತಾರತಮ್ಯವೆಂದು 2024ರಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ದಾವೆಗೆ ಆಧಾರವಾಗಿ ಹಿಡಿದದ್ದು ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯನ್ನು; ಬಿಡುಗಡೆಯಾದ ಗುಲಾಮರಿಗೆ ಸಮಾನ ರಕ್ಷಣೆ ಸಿಗಲೆಂದು 1868ರಲ್ಲಿ ತಂದ ತಿದ್ದುಪಡಿ ಅದು.