‘ನನಗೇನೂ ಆಗಿಲ್ಲ’ ಅನ್ನುವವರನ್ನು ಇನ್ನೊಮ್ಮೆ ನೋಡಿ

ಸುಡುಬಿಸಿಲಲ್ಲಿ ಓಡುತ್ತಿದ್ದವರೊಬ್ಬರು ಓಲಾಡತೊಡಗುತ್ತಾರೆ. ಹತ್ತಿರ ಹೋಗಿ ಕೇಳಿದರೆ ‘ನನಗೇನೂ ಆಗಿಲ್ಲ, ಬಿಡಿ’ ಅನ್ನುತ್ತಾರೆ. ಕೊರೆಯುವ ಚಳಿಯಲ್ಲಿ ನಡೆಯುತ್ತಿದ್ದವರು ಗುಂಪಿನಿಂದ ಹಿಂದೆ ಬೀಳುತ್ತಾರೆ. ಅವರದ್ದೂ ಅದೇ ಉತ್ತರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜಕ್ಕೂ ಗೊತ್ತಾಗುತ್ತಿಲ್ಲ. ಮೈಯ ಬಿಸಿ ಹದ ತಪ್ಪಿದರೆ ಮೆದುಳು ಬೇಗ ಮಂಕಾಗುತ್ತದೆ. ಅಪಾಯವನ್ನು ಗುರುತಿಸಬೇಕಾದ ಅಂಗವೇ ಕೈಕೊಟ್ಟಿರುತ್ತದೆ. ಆಗ ಅವರ ಪಾಲಿಗೆ ಉಳಿಯುವುದು ಪಕ್ಕದಲ್ಲಿರುವವರ ಕಣ್ಣು ಮಾತ್ರ.

ಮೈಯೊಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು ಏರದಂತೆ ಕಾಪಾಡುವುದು ಮುಖ್ಯವಾಗಿ ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಅದು ಆರಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಸುಮ್ನೆ ತೊಟ್ಟಿಕ್ಕುತ್ತದೆ, ಮೈ ತಣಿಯುವುದಿಲ್ಲ. ಹಾಗಾಗಿಯೇ ಒಣ ಸೆಕೆಗಿಂತ ಅಂಟುವ ಸೆಕೆ ಅಪಾಯಕಾರಿ.

ತಲೆನೋವು, ವಾಕರಿಕೆ, ಸುಸ್ತು, ವಿಪರೀತ ಬೆವರು ಇದ್ದು ಮಾತು ಮಾತ್ರ ಸರಿಯಾಗಿದ್ದರೆ ಅದು ಬಿಸಿಲಿನ ಬಳಲಿಕೆ. ನೆರಳಿಗೆ ಕರೆದೊಯ್ದು, ಮಲಗಿಸಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಮಾತು ತೊದಲಿದರೆ, ಸುಮ್ಮಸುಮ್ಮನೆ ಸಿಟ್ಟಾದರೆ, ಇಲ್ಲಿ ಹೇಗೆ ಬಂದೆ ಅನ್ನುವುದೇ ಮರೆತಿದ್ದರೆ ಅದು ಹೀಟ್ ಸ್ಟ್ರೋಕ್ ಎಂದೇ ಭಾವಿಸಿ. ಒಳಗಿನ ಉಷ್ಣತೆ 40 ಡಿಗ್ರಿ ದಾಟಿರಬಹುದು. ‘ಬೆವರುತ್ತಿದ್ದಾರಲ್ಲ, ಹೀಟ್ ಸ್ಟ್ರೋಕ್ ಇರಲಿಕ್ಕಿಲ್ಲ’ ಎಂಬ ನಂಬಿಕೆ ಜೀವ ತೆಗೆಯುತ್ತದೆ. ವಯಸ್ಸಾದವರಲ್ಲಿ ಚರ್ಮ ಒಣಗಿರುವುದುಂಟು, ನಿಜ. ಆದರೆ ಓಡಿ, ದುಡಿದು ಬಿದ್ದವರು ಬೆವರಿನಲ್ಲಿ ತೊಯ್ದಿರುತ್ತಾರೆ. ಚರ್ಮಕ್ಕಿಂತ ಮಾತನ್ನು ಗಮನಿಸಿ.

ಇಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ, ಆದರೆ ಅದು ಬರಲಿ ಎಂದು ಕಾಯಬೇಡಿ. ದುಡಿದು ಬಿದ್ದವರಾದರೆ ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಒಬ್ಬರು ತಲೆ ಹಿಡಿದಿರಲೇಬೇಕು. ತೊಟ್ಟಿ ಇಲ್ಲವೇ? ಬಟ್ಟೆ ಸಡಿಲಿಸಿ, ಮೈ ತುಂಬಾ ನೀರು ಸುರಿಯುತ್ತಾ ಜೋರಾಗಿ ಗಾಳಿ ಹಾಕಿ. ವಯಸ್ಸಾದವರಿಗೂ ಇದೇ ಸುಲಭ. ಅರ್ಧ ಗಂಟೆಯೊಳಗೆ ಮೈ ತಣಿದರೆ ಬದುಕುವ ಸಾಧ್ಯತೆ ತುಂಬಾ ಹೆಚ್ಚು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಪ್ಯಾರಾಸಿಟಮಾಲ್ ಕೂಡ ಬೇಡ. ಜ್ವರದಲ್ಲಿ ಮೆದುಳೇ ಮೈಬಿಸಿಯ ಮಟ್ಟವನ್ನು ಏರಿಸಿಕೊಂಡಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಹೀಟ್ ಸ್ಟ್ರೋಕ್‌ನಲ್ಲಿ ಮಾತ್ರೆ ಇಳಿಸಬೇಕಾದ ಆ ಏರಿಕೆಯೇ ಇಲ್ಲ.

ಚಳಿಯ ಕಥೆ ಬೇರೆ. ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಮೊದಲು ಗಡಗಡ ನಡುಕ. ಆಮೇಲೆ ಕೈ ಮಾತು ಕೇಳುವುದಿಲ್ಲ, ಗುಂಡಿ ಹಾಕಲಾಗುವುದಿಲ್ಲ, ಕಾಲು ಎಡವುತ್ತದೆ, ಮಾತು ಎಳೆಯುತ್ತದೆ. 32 ಡಿಗ್ರಿಯ ಆಸುಪಾಸಿನಲ್ಲಿ ನಡುಕ ನಿಲ್ಲತೊಡಗುತ್ತದೆ. ನೋಡುವವರಿಗೆ ಸಮಾಧಾನವಾಗುತ್ತದೆ, ಅಲ್ವಾ? ನಿಜಕ್ಕೂ ಅದು ಮೈ ಸೋತಿದೆ ಅನ್ನುವ ಗುರುತು. ಕೆಲವರು ಈ ಹಂತದಲ್ಲಿ ಸೆಕೆಯಾಗುತ್ತಿದೆ ಎಂದು ಬಟ್ಟೆ ಕಳಚಿಬಿಡುತ್ತಾರೆ.

ಬಿಸಿಲಿನ ಹೊಡೆತಕ್ಕೆ ಆತುರ ಬೇಕು. ಚಳಿಯ ಹೊಡೆತಕ್ಕೆ ಮೃದುವಾದ ಕೈ ಬೇಕು. ತಣ್ಣಗಾದ ಹೃದಯ ಒರಟಾಗಿ ಎತ್ತಿ ಕುಲುಕಿದರೂ ಲಯ ತಪ್ಪಬಹುದು. ಮಲಗಿಸಿಯೇ ಸಾಗಿಸಿ. ಒದ್ದೆ ಬಟ್ಟೆ ತೆಗೆಯಿರಿ, ಕತ್ತರಿಸಿದರೂ ಸರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತದೆ. ಒಣ ಕಂಬಳಿ ಸುತ್ತಿ, ತಲೆ ಮುಚ್ಚಿ, ಎದೆಗೆ ಬಿಸಿ ತಾಗಿಸಿ. ನೆಲದ ತಣ್ಪು ತಟ್ಟದಂತೆ ಕೆಳಗೂ ಏನಾದರೂ ಹಾಸಿ. ಎಚ್ಚರವಿದ್ದು ನುಂಗಬಲ್ಲವರಿಗೆ ಸಿಹಿಯಾದ ಬಿಸಿ ಪಾನೀಯ ಕೊಡಬಹುದು. ಮದ್ಯ ಬೇಡವೇ ಬೇಡ. ಅದು ಚರ್ಮದ ರಕ್ತನಾಳ ಹಿಗ್ಗಿಸಿ, ಬೆಚ್ಚಗಾದ ಭ್ರಮೆ ಕೊಟ್ಟು, ಇದ್ದ ಬಿಸಿಯನ್ನೂ ಹೊರಹಾಕುತ್ತದೆ.

ಹೆಪ್ಪುಗಟ್ಟಿ ಬಿಳಿಚಿದ ಬೆರಳನ್ನು ಉಜ್ಜಬೇಡಿ, ಬೆಂಕಿಗೂ ಹಿಡಿಯಬೇಡಿ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದಿದ್ದರೆ ಮಾತ್ರ 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿಡಿ.

ತಣ್ಣಗಾದ ಮೈಯಲ್ಲಿ ನಾಡಿ ತೀರಾ ನಿಧಾನ, ಉಸಿರು ತೀರಾ ಸಣ್ಣ. ಒಂದು ನಿಮಿಷದವರೆಗೂ ಹುಡುಕಿ. ಸಿಗದಿದ್ದರೆ ಎದೆ ಒತ್ತಲು ಶುರು ಮಾಡಿ, ಸಹಾಯ ಬರುವವರೆಗೂ ಕೈಬಿಡಬೇಡಿ. 1999ರಲ್ಲಿ ನಾರ್ವೆಯ ಬೆಟ್ಟದ ತೊರೆಯೊಂದರ ಮಂಜುಗಡ್ಡೆಯ ಕೆಳಗೆ ಯುವ ವೈದ್ಯೆಯೊಬ್ಬರು ಸಿಕ್ಕಿಹಾಕಿಕೊಂಡರು. ಹೊರತೆಗೆಯುವಾಗ ಸುಮಾರು 80 ನಿಮಿಷ ಕಳೆದಿತ್ತು. ಹೃದಯ ನಿಂತಿತ್ತು. ಮೈಯ ಉಷ್ಣತೆ 13.7 ಡಿಗ್ರಿಗೆ ಇಳಿದಿತ್ತು. ಆಸ್ಪತ್ರೆ ತಲುಪುವವರೆಗೂ ಎದೆ ಒತ್ತುತ್ತಲೇ ಹೋದರು. ಅಲ್ಲಿ ಯಂತ್ರದ ಮೂಲಕ ರಕ್ತವನ್ನು ಹಾಯಿಸಿ ನಿಧಾನವಾಗಿ ಬೆಚ್ಚಗಾಗಿಸಿದರು. ಅವರು ಬದುಕಿದರು. ಮುಂದೆ ಅದೇ ಆಸ್ಪತ್ರೆಯಲ್ಲಿ ವೈದ್ಯೆಯಾಗಿ ಕೆಲಸವನ್ನೂ ಮಾಡಿದರು.