ಹದಿನೈದು ನಿಮಿಷದ ಹುಳಿ, ಎಂಟು ತಿಂಗಳ ಕಲೆ

ಅಕ್ಕನ ಮಗಳ ಮದುವೆಗೆ ಇನ್ನು ಒಂಬತ್ತೇ ದಿನ. ಆನ್‌ಲೈನಿನಲ್ಲಿ ತರಿಸಿದ ಕೆಮಿಕಲ್ ಪೀಲಿನ, ಅಂದರೆ ಮುಖಕ್ಕೆ ಹಚ್ಚಿ ಚರ್ಮದ ಮೇಲ್ಪದರ ಉದುರಿಸುವ ಆಮ್ಲದ ಪುಟ್ಟ ಬಾಟಲಿ ಹಿಡಿದು ರಾತ್ರಿ ಬಚ್ಚಲುಮನೆಯ ಕನ್ನಡಿ ಮುಂದೆ ನಿಂತೆ. ಬಾಟಲಿ ಮೇಲೆ ದೊಡ್ಡದಾಗಿ 30% ಎಂದಿತ್ತು. ಕೆಳಗೆ ಚಿಕ್ಕದಾಗಿ, ಹತ್ತು ನಿಮಿಷ ಮೀರಬಾರದು ಎಂದಿತ್ತು. ಎರಡನ್ನೂ ಓದಿದೆ. ಆದರೂ ಹದಿನೈದು ನಿಮಿಷ ಬಿಟ್ಟೆ. ಯಾಕೆ ಅಂದರೆ, ಏನೂ ಆಗ್ತಾ ಇಲ್ಲ ಅನ್ನಿಸಿತು.

ಮನೆಯಲ್ಲಿ ಕೆಮಿಕಲ್ ಪೀಲ್ ಮಾಡಿಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಹಾವಿನ ಪೊರೆ ಹಾಗೆ ಹಳೇ ಚರ್ಮ ಕಳಚಿ ಬೀಳುತ್ತದೆ, ಒಳಗಿಂದ ಹೊಸ ಮುಖ ಬರುತ್ತದೆ ಎಂದು ಕಾಯುತ್ತೇವೆ. ಅದು ಕಾಣದಿದ್ದರೆ ಇನ್ನೂ ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ಜಾಸ್ತಿ. ನಿಜಕ್ಕೂ ಏನಾಗಬೇಕು ಅಂತ ಗೊತ್ತಿದ್ದರೆ ನಾನು ಏಳನೇ ನಿಮಿಷಕ್ಕೇ ಮುಖ ತೊಳೆದುಕೊಳ್ಳುತ್ತಿದ್ದೆ.

ನಮ್ಮಜ್ಜಿ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ, ಪೀಲ್ ಬಾಟಲಿಯ ಹೆಚ್ಚಿನ ಆಮ್ಲಗಳು ಒಂದೇ ಮನೆತನದವು. ಕಬ್ಬಿನಲ್ಲಿ ಗ್ಲೈಕಾಲಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್, ಕಹಿ ಬಾದಾಮಿಯಲ್ಲಿ ಮೊದಲು ಸಿಕ್ಕಿದ ಮ್ಯಾಂಡೆಲಿಕ್. ಇವಕ್ಕೆ ಆಲ್ಫಾ ಹೈಡ್ರಾಕ್ಸಿ ಆಮ್ಲಗಳು ಎನ್ನುತ್ತಾರೆ. ಸ್ಯಾಲಿಸಿಲಿಕ್ ಆಮ್ಲ ಪಕ್ಕದ ಮನೆಯದ್ದು, ಆಸ್ಪಿರಿನ್ ಮಾತ್ರೆಯ ಹತ್ತಿರದ ನೆಂಟ. ಆಸ್ಪಿರಿನ್ ಒಗ್ಗದವರಿಗೆ ಅದು ಬೇಡ.

ಚೊಂಬಿನ ಮೇಲೆ ಹುಳಿ ಕಿಲುಬನ್ನು ಕರಗಿಸುತ್ತದೆ. ಮುಖದ ಮೇಲೆ ಈ ಮೆದು ಆಮ್ಲಗಳು ಮಾಡುವ ಕೆಲಸ ಬೇರೆ. ನಮ್ಮ ಚರ್ಮದ ತೀರಾ ಮೇಲಿನ ಪದರ ಸತ್ತ ಜೀವಕೋಶಗಳದು. ಮಂಗಳೂರು ಹಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಹೊದಿಸಿದ ಹದಿನೈದಿಪ್ಪತ್ತು ಸಾಲು. ಎಲ್ಲ ಸೇರಿದರೂ ಒಂದು ತಲೆಗೂದಲಿನಷ್ಟು ದಪ್ಪ ಇಲ್ಲ. ಹಂಚುಗಳನ್ನು ಹಿಡಿದಿಡಲು ನಡುನಡುವೆ ಪ್ರೋಟೀನಿನ ಸಣ್ಣ ಕೊಂಡಿಗಳಿವೆ. ಆಮ್ಲ ಸಡಿಲಿಸುವುದು ಆ ಕೊಂಡಿಗಳನ್ನು. ಹೇಗಿದ್ದರೂ ಈ ಹಂಚುಗಳು ದಿನಾ ನಮ್ಮ ಟವೆಲಿಗೆ, ದಿಂಬಿಗೆ ಉದುರುತ್ತಲೇ ಇರುತ್ತವೆ. ತಳದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಲು ಹರೆಯದಲ್ಲಿ ಸುಮಾರು 28 ದಿನ. ವಯಸ್ಸಾದಂತೆ 40 ದಿನ ದಾಟುತ್ತದೆ. ಪೀಲ್ ಈ ಉದುರುವಿಕೆಗೆ ಸ್ವಲ್ಪ ಅವಸರ ಮಾಡುತ್ತದೆ, ಅಷ್ಟೆ.

ಅಣುವಿನ ಗಾತ್ರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗ್ಲೈಕಾಲಿಕ್ ಆಮ್ಲದ ಅಣುತೂಕ 76, ಈ ಮನೆತನದಲ್ಲೇ ಚಿಕ್ಕದು. ಹಾಗಾಗಿ ಬೇಗ ಒಳಗೆ ನುಗ್ಗುತ್ತದೆ, ಉರಿಯೂ ಜಾಸ್ತಿ. ಮ್ಯಾಂಡೆಲಿಕ್‌ನ ತೂಕ 152, ಸರಿಯಾಗಿ ಎರಡು ಪಟ್ಟು. ಅದು ನಿಧಾನಿ. ಸ್ಯಾಲಿಸಿಲಿಕ್ ಎಣ್ಣೆಯಲ್ಲಿ ಕರಗುವ ಜಾತಿ, ಅದಕ್ಕೇ ಜಿಡ್ಡು ತುಂಬಿದ ರಂಧ್ರದೊಳಕ್ಕೆ ಇಳಿಯುತ್ತದೆ. ಮೊಡವೆಯವರಿಗೆ ವೈದ್ಯರು ಅದನ್ನೇ ಆರಿಸುವುದು ಇದಕ್ಕಾಗಿ.

ಈಗ ಆ 30ರ ವಿಚಾರ. ಶೇಕಡಾವಾರು ಲೆಕ್ಕ ನೋಡಿ ಪೀಲ್ ಕೊಳ್ಳುವುದು ಅಂದರೆ ಮೆಣಸಿನಕಾಯಿ ಯಾವುದು ಅಂತ ಕೇಳದೆ ಬರೀ ತೂಕ ನೋಡಿ ಸಾರು ಮಾಡಿದ ಹಾಗೆ. ಬ್ಯಾಡಗಿಯೂ ನೂರು ಗ್ರಾಂ, ಗುಂಟೂರೂ ನೂರು ಗ್ರಾಂ. ಖಾರ ಒಂದೇನಾ? ಆಮ್ಲದ ಖಾರ ಹೇಳುವ ಸಂಖ್ಯೆ ಪಿಎಚ್. ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ, ಒಂದು ಮೆಟ್ಟಿಲು ಇಳಿದರೆ ಹತ್ತು ಪಟ್ಟು. ನೀರಿನಲ್ಲಿ ಆಮ್ಲ ಎರಡು ರೂಪದಲ್ಲಿರುತ್ತದೆ. ಒಂದು ಹೈಡ್ರೋಜನ್ನನ್ನು ಕೈಬಿಡದೆ ಇಟ್ಟುಕೊಂಡದ್ದು. ಇನ್ನೊಂದು ಅದನ್ನು ಬಿಟ್ಟುಕೊಟ್ಟು ವಿದ್ಯುತ್ ಚಾರ್ಜ್ ಹೊತ್ತದ್ದು. ಚರ್ಮದ ಹೊರಪದರದ ಸಂದಿಗಳಲ್ಲಿ ಕೊಬ್ಬು ತುಂಬಿದೆ. ಚಾರ್ಜ್ ಇಲ್ಲದ ಮೊದಲನೆಯದು ಅದರೊಳಗೆ ಸಲೀಸಾಗಿ ಹೋಗುತ್ತದೆ, ಎರಡನೆಯದು ಬಾಗಿಲಲ್ಲೇ ನಿಲ್ಲುತ್ತದೆ.

ಗ್ಲೈಕಾಲಿಕ್ ಆಮ್ಲ ಪಿಎಚ್ 3.8ರಲ್ಲಿ ಈ ಎರಡು ರೂಪದಲ್ಲಿ ಅರ್ಧಕ್ಕರ್ಧ ಇರುತ್ತದೆ. ಅಂದರೆ 10% ಬಾಟಲಿಯಲ್ಲಿ ಕೆಲಸ ಮಾಡುವುದು 5% ಮಾತ್ರ. ಅದೇ 10%, ಪಿಎಚ್ 2.8 ಆದರೆ 9% ಕೆಲಸಕ್ಕಿಳಿಯುತ್ತದೆ. ಪಿಎಚ್ 4.8 ಆದರೆ ಒಂದೇ ಒಂದು. ಬಾಟಲಿ ಮೇಲೆ ಮೂರಕ್ಕೂ ಒಂದೇ ಸಂಖ್ಯೆ! ಪಿಎಚ್ ಬರೆಯದ ಪೀಲನ್ನು ನಾನು ಈಗ ಮನೆಗೇ ತರುವುದಿಲ್ಲ. ಸೌಂದರ್ಯ ಸಾಮಗ್ರಿಗಳ ಸುರಕ್ಷತೆ ನೋಡುವ ಅಮೆರಿಕದ ತಜ್ಞರ ಸಮಿತಿಯೊಂದು 1990ರ ದಶಕದಲ್ಲೇ ಗೆರೆ ಎಳೆದಿದೆ. ಜನ ತಾವೇ ಬಳಸುವ ಆಲ್ಫಾ ಹೈಡ್ರಾಕ್ಸಿ ಆಮ್ಲ 10% ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗೆ ಇಳಿಯಬಾರದು. 30% ಎನ್ನುವುದು ತರಬೇತಿ ಪಡೆದವರ ಕೈಗೆ, ಅದೂ ಸ್ವಲ್ಪ ಹೊತ್ತು ಹಚ್ಚಿ ತೊಳೆದುಬಿಡುವಂಥದ್ದು.

ಮೊಸರಿನ ಪ್ಯಾಕ್ ಯಾಕೆ ಯಾರ ಮುಖವನ್ನೂ ಸುಡಲ್ಲ ಅನ್ನುವುದಕ್ಕೂ ಇದೇ ಉತ್ತರ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಸುಮಾರು 1%. ಪಿಎಚ್ 4.5ರ ಹತ್ತಿರ, ಹಾಗಾಗಿ ಅದರಲ್ಲೂ ಐದರಲ್ಲೊಂದು ಪಾಲಿಗೂ ಕಡಿಮೆ ಒಳಗೆ ಹೋಗುವ ರೂಪದಲ್ಲಿರುತ್ತದೆ. ಹಚ್ಚಿಕೊಂಡರೆ ತಂಪು. ನಿಂಬೆರಸದ ಕಥೆ ಉಲ್ಟಾ. ಪಿಎಚ್ ಎರಡು, ಎರಡೂವರೆ. ಜೊತೆಗೆ ನಿಂಬೆ ಜಾತಿಯ ಸಿಪ್ಪೆಯ ಎಣ್ಣೆಯಲ್ಲಿರುವ ಕೆಲವು ಅಂಶ ಬಿಸಿಲು ಬಿದ್ದರೆ ಚರ್ಮವನ್ನು ಬೊಬ್ಬೆ ಬರುವಷ್ಟು ಸುಡಬಲ್ಲದು. ‘ನ್ಯಾಚುರಲ್ ಅಲ್ವಾ’ ಅಂತ ನಿಂಬೆಹೋಳು ಉಜ್ಜಿಕೊಳ್ಳುವವರಿಗೆ ಬಾಟಲಿಯ ಮೆದು ಪೀಲೇ ವಾಸಿ ಎಂದು ನನ್ನ ಅನಿಸಿಕೆ.

ಇದೆಲ್ಲ ಇವತ್ತಿನ ಫ್ಯಾಷನ್ ಏನಲ್ಲ. ಹ್ಯಾಂಬರ್ಗಿನ ಚರ್ಮವೈದ್ಯ ಪೌಲ್ ಗೆರ್ಸನ್ ಉನ್ನ 1882ರಲ್ಲೇ ಸ್ಯಾಲಿಸಿಲಿಕ್ ಆಮ್ಲ, ಫೀನಾಲ್ ಇತ್ಯಾದಿ ಚರ್ಮದ ಮೇಲೆ ಏನು ಮಾಡುತ್ತವೆಂದು ಬರೆದಿಟ್ಟಿದ್ದರು. 1974ರಲ್ಲಿ ಅಮೆರಿಕದ ಯೂಜೀನ್ ವಾನ್ ಸ್ಕಾಟ್ ಮತ್ತು ರೂಯಿ ಯೂ ಆಲ್ಫಾ ಹೈಡ್ರಾಕ್ಸಿ ಆಮ್ಲಗಳನ್ನು ಬಳಸಿದ್ದು ಮೀನಿನ ಹುರುಪೆಯಂತೆ ಚರ್ಮ ಒಡೆಯುವ ಕಾಯಿಲೆಯವರಿಗೆ. ಹೊಳಪಿನ ವ್ಯಾಪಾರ ಶುರುವಾಗಿದ್ದು ಆಮೇಲೆ.

ಸರಿ, ಹಚ್ಚಿಕೊಂಡಾಗ ಏನಾಗುತ್ತದೆ? ಮೊದಲ ನಿಮಿಷ ಇರುವೆ ಹರಿದಂತೆ ಚುರುಚುರು. ಎರಡು ಮೂರನೇ ನಿಮಿಷಕ್ಕೆ ಬಿಸಿ, ತುರಿಕೆ, ಸ್ವಲ್ಪ ಕೆಂಪು. ನಮ್ಮ ಕಂದು ಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದೇ ಇಲ್ಲ, ಅದು ಬೇರೆ ಮೋಸ. ಮೂಗಿನ ಪಕ್ಕದ ಮಡಿಕೆ, ಬಾಯಿಯ ಮೂಲೆ, ಕಣ್ಣಿನ ಕೆಳಗೆ ಆಮ್ಲ ಬೇಗ ಇಳಿಯುತ್ತದೆ. ಅಲ್ಲಿಗೆ ಮೊದಲೇ ತೆಳುವಾಗಿ ವ್ಯಾಸಲೀನ್ ಸವರಬೇಕು. ಇನ್ನೂ ಸ್ವಲ್ಪ ಹೊತ್ತು ಕಳೆದರೆ ಉರಿ ತಾನಾಗಿ ತಗ್ಗುತ್ತದೆ. ನಾನು ‘ಏನೂ ಆಗ್ತಾ ಇಲ್ಲ’ ಅಂದುಕೊಂಡದ್ದು ಈ ಹೊತ್ತಿನಲ್ಲಿ. ಉರಿ ನಿಂತರೂ ಗ್ಲೈಕಾಲಿಕ್ ಆಮ್ಲ ಒಳಗಿಳಿಯುವುದನ್ನು ನಿಲ್ಲಿಸಿರುವುದಿಲ್ಲ. ತೊಳೆಯುವವರೆಗೂ ಅದರ ಕೆಲಸ ನಡೆದೇ ಇರುತ್ತದೆ. ಕ್ಲಿನಿಕ್ಕಿನಲ್ಲಿ ಅಡುಗೆ ಸೋಡಾದ ತಿಳಿ ದ್ರಾವಣ ಹಾಕಿ ಅದನ್ನು ಸುಮ್ಮನಾಗಿಸುತ್ತಾರೆ. ಮನೆಯಲ್ಲಿ ಧಾರಾಳವಾಗಿ ತಣ್ಣೀರು ಸಾಕು. ಸ್ಯಾಲಿಸಿಲಿಕ್ ಹಚ್ಚಿದಾಗ ಮೇಲೆ ಬಿಳಿ ಪುಡಿ ಕೂತರೆ ಹೆದರಬೇಡಿ, ಅದು ಒಣಗಿದ ಹರಳು, ಒರೆಸಿದರೆ ಹೋಗುತ್ತದೆ.

ಒರೆಸಿದರೂ ಹೋಗದ ಬಿಳಿ ಒಂದಿದೆ. ಅದು ಟಿಸಿಎ, ಅಂದರೆ ಟ್ರೈಕ್ಲೋರೋಅಸಿಟಿಕ್ ಆಮ್ಲದ ಗುರುತು. ಮೊಟ್ಟೆಯ ಲೋಳೆ ಕಾವಲಿ ಮೇಲೆ ಬೆಳ್ಳಗೆ ಗಟ್ಟಿಯಾಗುತ್ತದಲ್ಲ, ಚರ್ಮದ ಪ್ರೋಟೀನಿಗೂ ಅದೇ ಗತಿ. ಬೆಂದ ಮೊಟ್ಟೆಯನ್ನು ವಾಪಸ್ ಹಸಿ ಮಾಡಲಾಗುವುದಿಲ್ಲ. ಎಷ್ಟು ಆಳಕ್ಕೆ ಹೋಯಿತು ಎಂದು ಆ ಬಿಳುಪು ನೋಡಿ ಹೇಳಲು ಪಳಗಿದ ಕಣ್ಣು ಬೇಕು. ಇಂಥದ್ದನ್ನೂ ಆನ್‌ಲೈನಿನಲ್ಲಿ ಮಾರುತ್ತಾರೆ. ವೈದ್ಯರ ನಿಗಾ ಇಲ್ಲದೆ ಕಡುವಾದ ಪೀಲ್ ಬಳಸಬೇಡಿ, ಸುಟ್ಟ ಗಾಯ, ಶಾಶ್ವತ ಕಲೆ ಆಗಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜುಲೈನಲ್ಲಿ ಎಚ್ಚರಿಕೆ ಕೊಟ್ಟಿತು. ಫೀನಾಲ್ ಪೀಲ್ ಅಂತೂ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಆಸ್ಪತ್ರೆಯಲ್ಲಿ ಇಸಿಜಿ ನೋಡುತ್ತಾ ಮಾಡುವ ಕೆಲಸ ಅದು.

ಮೆದು ಪೀಲಿನ ಮಾರನೇ ದಿನ ಚರ್ಮ ಬಿಗಿದುಕೊಂಡು ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುತ್ತದೆ. ಎರಡನೇ ದಿನ ಮಂಕು, ಮುಂಚಿಗಿಂತ ಒಂದು ಛಾಯೆ ಕಪ್ಪು. ಮೂರರಿಂದ ಐದನೇ ದಿನದೊಳಗೆ ಬಾಯಿಯ ಸುತ್ತ, ಗಲ್ಲದ ಮೇಲೆ ತಲೆಹೊಟ್ಟಿನಂಥ ಚೂರುಗಳು ಏಳುತ್ತವೆ. ಏಳದೆಯೂ ಇರಬಹುದು. ಕಣ್ಣಿಗೆ ಕಾಣದಷ್ಟು ಸಣ್ಣಗೆ ಉದುರಿದರೆ ಪೀಲ್ ಫೇಲ್ ಆಯಿತು ಅಂತಲ್ಲ. ಎದ್ದ ಸಿಪ್ಪೆಯನ್ನು ಕೀಳಬಾರದು. ಇದು ಹೇಳುವುದು ಸುಲಭ, ಕೈ ಕೇಳಬೇಕಲ್ಲ! ಆ ವಾರ ಮುಖಕ್ಕೆ ಬೇಕಾದದ್ದು ಪರಿಮಳವಿಲ್ಲದ ಮಾಯಿಶ್ಚರೈಸರ್ ಮಾತ್ರ. ಕಡಲೆಹಿಟ್ಟು, ಸ್ಕ್ರಬ್, ಬ್ಲೀಚ್, ರೆಟಿನಾಲ್ ಯಾವುದೂ ಬೇಡ. ನನ್ನ ಪಾಲಿಗೆ ಮದುವೆಮನೆಯ ಅರಿಶಿನ ಶಾಸ್ತ್ರವೂ ಇತ್ತು. ಮದುಮಗಳಿಗೆ ಹಚ್ಚಿ ಉಳಿದದ್ದನ್ನು ಅತ್ತೆಯೊಬ್ಬರು ಪ್ರೀತಿಯಿಂದ ನನ್ನ ಮುಖಕ್ಕೂ ತಿಕ್ಕಿದರು.

ಅಷ್ಟರಲ್ಲಿ ಮೇಲ್ತುಟಿಯ ಬಲಗಡೆ ಒಂದು ಕಪ್ಪು ಮಚ್ಚೆ ಬಂದಾಗಿತ್ತು. ‘ಏನೇ ಇದು, ಒಗ್ಗರಣೆ ಸಿಡೀತಾ?’ ಅಂದಳು ಅಕ್ಕ. ಹೌದು ಅಂದುಬಿಟ್ಟೆ.

ಕಾರಣ ಆಮೇಲೆ ಚರ್ಮವೈದ್ಯರು ಬಿಡಿಸಿ ಹೇಳಿದರು. ಪೀಲಿಗೆ ಎರಡು ದಿನ ಮುಂಚೆ ಮೇಲ್ತುಟಿಗೆ ಥ್ರೆಡಿಂಗ್ ಮಾಡಿಸಿದ್ದೆ. ದಾರ ಕೂದಲಿನ ಜೊತೆ ಹಂಚಿನ ಮೇಲಿನ ಸಾಲನ್ನೂ ಕಿತ್ತಿರುತ್ತದೆ. ಅಲ್ಲಿ ಆಮ್ಲ ನೇರವಾಗಿ ಜೀವಂತ ಪದರಕ್ಕೆ ಇಳಿಯಿತು, ಉರಿಯೂತ ಆಯಿತು. ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಬಿಳಿಯರಲ್ಲೂ ನಮ್ಮಲ್ಲೂ ಹೆಚ್ಚುಕಮ್ಮಿ ಒಂದೇ. ನಮ್ಮವು ಚುರುಕು ಜಾಸ್ತಿ. ಉರಿಯೂತದ ಸುದ್ದಿ ಸಿಕ್ಕಿದ ತಕ್ಷಣ ಮೆಲನಿನ್ ಸುರಿಯಲು ಶುರುಮಾಡುತ್ತವೆ. ಬಿಳಿ ಚರ್ಮದಲ್ಲಿ ಕೆಂಪಾಗಿ ಮಾಯವಾಗುವ ಗಾಯ ನಮ್ಮಲ್ಲಿ ಕಪ್ಪು ಗುರುತು ಬಿಟ್ಟುಹೋಗುತ್ತದೆ. ಸೊಳ್ಳೆ ಕಚ್ಚಿದ ಕಲೆ ತಿಂಗಳುಗಟ್ಟಲೆ ಉಳಿಯುವುದೂ ಹೀಗೇ. ಪರದೇಶದ ವಿಡಿಯೋ ನೋಡಿ ಪೀಲ್ ಮಾಡಿಕೊಳ್ಳುವಾಗ ನಾವು ಮರೆಯುವ ಸಂಗತಿ ಇದು. ಕಲೆ ತೆಗೆಯಲು ಹೋಗಿ ಕಲೆ ತಂದುಕೊಳ್ಳುತ್ತೇವೆ.

ಹಾಗಾದರೆ ಮೆದು ಪೀಲಿನಿಂದ ಪ್ರಯೋಜನ ಇಲ್ವಾ? ಇದೆ. ಒರಟುತನ, ಮಂಕು, ಕಪ್ಪು ತಲೆಯ ಸಣ್ಣ ಮೊಡವೆ, ಹೊಸ ಮೊಡವೆಯ ತಿಳಿ ಕಲೆ ಇವು ನಾಲ್ಕೈದು ಸಲಕ್ಕೆ ತುಸು ಸುಧಾರಿಸುತ್ತವೆ. ಮೊಡವೆಯ ಗುಳಿಗಳು ತುಂಬುವುದಿಲ್ಲ, ಅವು ಹಂಚಿನಿಂದ ಬಹಳ ಕೆಳಗೆ, ಅಡಿಪಾಯದಲ್ಲಿವೆ. ಬಂಗು ಇದ್ದವರು ಮನೆಯಲ್ಲಿ ಕೈ ಹಾಕಬಾರದು, ಅದು ಕೆರಳಿ ಇನ್ನಷ್ಟು ಹಬ್ಬಬಹುದು. ಮೆಡಿಕಲ್ ಸ್ಟೋರಿನಿಂದ ತಂದ ಬೆಳ್ಳಗಾಗಿಸುವ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದವರು ಇನ್ನೂ ದೂರ ಇರಬೇಕು. ಅವುಗಳಲ್ಲಿ ಹಲವಕ್ಕೆ ಸ್ಟೆರಾಯ್ಡ್ ಬೆರೆತಿರುತ್ತದೆ, ಚರ್ಮ ಮೊದಲೇ ತೆಳ್ಳಗಾಗಿರುತ್ತದೆ. ಬಸುರಿಯರು, ತುಟಿಯಲ್ಲಿ ಆಗಾಗ ಹರ್ಪಿಸ್ ಗುಳ್ಳೆ ಏಳುವವರು, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರು ಮೊದಲು ವೈದ್ಯರನ್ನು ಕೇಳಬೇಕು.

ನಾನು ಪೀಲ್ ಪೂರ್ತಿ ಬಿಟ್ಟಿಲ್ಲ. ಈಗ ಲ್ಯಾಕ್ಟಿಕ್ ಆಮ್ಲ, 5%, ಹದಿನೈದು ದಿನಕ್ಕೊಮ್ಮೆ. ಹೊಸ ಬಾಟಲಿ ಬಂದರೆ ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ಕಾಯುತ್ತೇನೆ. ಥ್ರೆಡಿಂಗ್ ಆದ ವಾರ ಮುಟ್ಟುವುದಿಲ್ಲ. ಬಿಸಿಲಿನ ವಿಚಾರದಲ್ಲಂತೂ ರಾಜಿ ಇಲ್ಲ. ಗ್ಲೈಕಾಲಿಕ್ ಆಮ್ಲವನ್ನು ನಾಲ್ಕು ವಾರ ಹಚ್ಚಿದವರ ಚರ್ಮ ಅತಿನೇರಳೆ ಕಿರಣಕ್ಕೆ 18% ಹೆಚ್ಚು ಕೆಂಪಾಗುತ್ತದೆ, ಬಿಟ್ಟು ಒಂದು ವಾರಕ್ಕೆ ಮೊದಲಿನಂತಾಗುತ್ತದೆ ಎಂದು ಎಫ್‌ಡಿಎ ಮಾಡಿಸಿದ ಅಧ್ಯಯನ ಹೇಳಿದೆ. ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚದೆ ತರಕಾರಿಗೂ ಹೋಗುವುದಿಲ್ಲ. ರಾಯಚೂರು, ಕಲಬುರಗಿ ಕಡೆಯವರು ಏಪ್ರಿಲ್‌ನಲ್ಲಿ ಈ ಸಾಹಸವನ್ನೇ ಮುಂದೂಡುವುದು ಒಳ್ಳೆಯದು.

ಅಕಸ್ಮಾತ್ ಬೊಬ್ಬೆ ಎದ್ದರೆ, ನೀರು ಒಸರಿದರೆ, ತೊಳೆದು ಗಂಟೆಗಳಾದರೂ ಉರಿ ಇಳಿಯದಿದ್ದರೆ ಅಲೋವೆರಾ, ಟೂತ್‌ಪೇಸ್ಟ್ ಅಂತ ಪ್ರಯೋಗ ಮಾಡುತ್ತಾ ಕೂರಬೇಡಿ. ಅದು ಸುಟ್ಟ ಗಾಯ. ಅದೇ ದಿನ ವೈದ್ಯರಿಗೆ ತೋರಿಸಿ. ನಾನು ಎರಡು ವಾರ ತಡ ಮಾಡಿದೆ. ಆ ಮಚ್ಚೆ ಪೂರ್ತಿ ತಿಳಿಯಾಗಲು ಎಂಟು ತಿಂಗಳು ಹಿಡಿಯಿತು. ಮದುವೆ ಆಲ್ಬಂ ಬಂದಾಗ ಅಕ್ಕ ಪುಟ ತಿರುವುತ್ತಾ ಕೇಳಿದಳು, ‘ಎಲ್ಲಾ ಫೋಟೋದಲ್ಲೂ ಯಾಕೆ ಒಂದೇ ಕಡೆ ತಿರುಗಿಕೊಂಡಿದ್ದೀಯೆ?’