ಮೆಕ್ಸಿಕೋದ 'ನೀನು' ಬೇರೆ, ಅರ್ಜೆಂಟೀನಾದ 'ನೀನು' ಬೇರೆ

'ನಿನ್ನ ಹತ್ರ ಇದೆಯಾ?' ಎಂದು ಗೆಳೆಯನನ್ನು ಕೇಳಬೇಕಾದರೆ ಮೆಕ್ಸಿಕೋ ನಗರದವರು 'ತು ತಿಯೆನೆಸ್?' ಅನ್ನುತ್ತಾರೆ. ಬ್ಯೂನಸ್ ಐರಿಸ್‌ನಲ್ಲಿ ಅದೇ ಮಾತು 'ವೋಸ್ ತೆನೇಸ್?' ಸರ್ವನಾಮವೂ ಬೇರೆ, ಕ್ರಿಯಾಪದವೂ ಬೇರೆ. ಸ್ಪ್ಯಾನಿಷ್ ಕಲಿಸುವ ಎಷ್ಟೋ ಪಠ್ಯಪುಸ್ತಕಗಳು ಈ 'ವೋಸ್' ಅನ್ನು ಅಡಿಟಿಪ್ಪಣಿಗೆ ತಳ್ಳಿ ಮುಂದೆ ಹೋಗುತ್ತವೆ. ಓದಿದವರಿಗೆ ಇದು ಅರ್ಜೆಂಟೀನಾದವರು ಭಾಷೆ ಕೆಡಿಸಿಕೊಂಡು ಮಾಡಿದ ಅವತಾರ ಅನ್ನಿಸಿದರೆ ತಪ್ಪಿಲ್ಲ. ಆದರೆ ಇದು ಕೆಟ್ಟು ಹುಟ್ಟಿದ ರೂಪವಲ್ಲ, ಸ್ಪೇನ್ ತಾನೇ ಕೈಬಿಟ್ಟ ಹಳೆಯ ರೂಪ.

ಮಧ್ಯಯುಗದ ಸ್ಪೇನ್‌ನಲ್ಲಿ 'ವೋಸ್' ಅಂದರೆ ಹೆಚ್ಚುಕಡಿಮೆ ನಮ್ಮ 'ನೀವು'. ಸಲುಗೆಯವರಿಗೆ, ಕೈಕೆಳಗಿನವರಿಗೆ 'ತು', ಗೌರವಸ್ಥರಿಗೆ 'ವೋಸ್'. ಗೌರವವನ್ನು ಎಲ್ಲರಿಗೂ ಹಂಚುತ್ತಾ ಹೋದರೆ ಅದರ ಬೆಲೆ ಇಳಿಯುತ್ತದೆ. 16ನೇ ಶತಮಾನ ಮುಗಿಯುವ ಹೊತ್ತಿಗೆ ದೊಡ್ಡ ಮನುಷ್ಯರನ್ನು 'ವೋಸ್' ಎಂದು ಕರೆದರೆ ಜಗಳಕ್ಕೇ ಬರುವಂತಾಗಿತ್ತು. ಅವರಿಗೆ ಈಗ 'ವುಯೆಸ್ತ್ರಾ ಮೆರ್ಸೆದ್' ಬೇಕು, ಅಂದರೆ 'ತಮ್ಮ ಕೃಪೆ'. ಬಾಯಿಂದ ಬಾಯಿಗೆ ಸವೆದು ಅದೇ 'ಉಸ್ತೆದ್' ಆಯಿತು. ಇವತ್ತಿಗೂ 'ಉಸ್ತೆದ್' ಜೊತೆ ಪ್ರಥಮಪುರುಷದ, ಅಂದರೆ 'ಅವನು, ಅವಳು'ಗೆ ಹೊಂದುವ ಕ್ರಿಯಾಪದವೇ ಬರುತ್ತದೆ. ಎದುರಿಗೆ ನಿಂತವರನ್ನೇ 'ಕೃಪೆ ಬಂತೇ?' ಎಂದು ಕೇಳಿದ ಹಾಗೆ.

ಈ ಅದಲುಬದಲು ನಡೆಯುತ್ತಿದ್ದ ಕಾಲದಲ್ಲೇ ಹಡಗುಗಳು ಅಮೆರಿಕದ ಕಡೆ ಹೊರಟಿದ್ದವು. ಮೆಕ್ಸಿಕೋ 1535ರಲ್ಲಿ, ಪೆರು 1542ರಲ್ಲಿ ವೈಸರಾಯ್ ಆಡಳಿತದ ನೆಲಗಳಾದವು. ಅಲ್ಲಿ ದರ್ಬಾರು, ವಿಶ್ವವಿದ್ಯಾಲಯ, ಸ್ಪೇನ್‌ನಿಂದ ಬಂದಿಳಿಯುವ ಅಧಿಕಾರಿಗಳು ಎಲ್ಲ ಇದ್ದರು. ಜೊತೆಗೆ ರಾಜಧಾನಿಯ ಮಾತಿನ ಷೋಕಿಯೂ ಬಂತು. 'ವೋಸ್' ಅಲ್ಲಿ ಅಳಿಸಿಹೋಗಿ 'ತು' ನೆಲೆ ನಿಂತಿತು. ಹಡಗುಗಳ ದಾರಿಯಲ್ಲೇ ಇದ್ದ ಕೆರಿಬಿಯನ್ ದ್ವೀಪಗಳ ಕಥೆಯೂ ಬಹುಮಟ್ಟಿಗೆ ಅದೇ. ಬ್ಯೂನಸ್ ಐರಿಸ್ ಆಗ ಸಾಮ್ರಾಜ್ಯದ ಮೂಲೆ. ಅದರ ಸರಕು ಕೂಡ ಕಾನೂನಿನ ಪ್ರಕಾರ ಪೆರುವಿನ ಲಿಮಾ ಸುತ್ತಿ ಬರಬೇಕಿತ್ತು. ಸ್ವಂತ ವೈಸರಾಯ್ ಸಿಕ್ಕಿದ್ದು 1776ರಲ್ಲಿ. ಅಷ್ಟರಲ್ಲಿ ಊರು ತನ್ನ ಪಾಡಿಗೆ ಹಳೆಯ 'ವೋಸ್' ಆಡಿಕೊಂಡು ಬಂದಿತ್ತು. ಗೌರವ ಮಾತ್ರ ಉದುರಿಹೋಗಿ, ಉಳಿದದ್ದು ಸಲುಗೆ. ಗ್ವಾಟೆಮಾಲಾ, ನಿಕರಾಗುವಾಗಳಲ್ಲೂ ಹಾಗೆಯೇ. 'ವೋಸ್' ಉಳಿದ ಊರುಗಳನ್ನು ಗುರುತು ಹಾಕಿದರೆ ಸುಮಾರಾಗಿ ದರ್ಬಾರಿನಿಂದ ದೂರವಿದ್ದ ನೆಲಗಳ ನಕ್ಷೆಯೇ ಸಿಗುತ್ತದೆ.

ದೇಶಗಳು ಸ್ವತಂತ್ರವಾದ ಮೇಲೆ ಮೇಷ್ಟ್ರುಗಳ ಸರದಿ. ಕರಾಕಸ್‌ನಲ್ಲಿ ಹುಟ್ಟಿ 1829ರಲ್ಲಿ ಚಿಲಿಗೆ ಬಂದ ಆಂದ್ರೇಸ್ ಬೆಲ್ಯೋ ಅಮೆರಿಕದವರಿಗೆಂದೇ 1847ರಲ್ಲಿ ವ್ಯಾಕರಣ ಬರೆದ ದೊಡ್ಡ ವಿದ್ವಾಂಸ. 'ವೋಸ್' ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಚಿಲಿಯ ಶಾಲೆಗಳು ಅವರ ಮಾತನ್ನು ಅರ್ಧ ಮಾತ್ರ ಗೆಲ್ಲಿಸಿದವು: ಅಲ್ಲೀಗ 'ವೋಸ್' ಅಂದರೆ ಒರಟು, ಆದರೆ ಅದರ ಕ್ರಿಯಾಪದ ಎಲ್ಲೂ ಹೋಗಿಲ್ಲ. ಗೆಳೆಯರ ನಡುವೆ 'ತು ತೆನೀಸ್' ಎಂಬ ಮಿಶ್ರಣ ಸರಾಗ. ಸರ್ವನಾಮ ಶಾಲೆಯದು, ಕ್ರಿಯಾಪದ ಮನೆಯದು. ಅರ್ಜೆಂಟೀನಾದಲ್ಲಿ ಇಷ್ಟೂ ಸಾಗಲಿಲ್ಲ. ತರಗತಿಯಲ್ಲಿ 'ತು' ಬರೆಸಿದರು, ಗಂಟೆ ಹೊಡೆದ ಕೂಡಲೇ ಮಕ್ಕಳು 'ವೋಸ್' ಅಂದರು. ಕೊನೆಗೆ 1982ರಲ್ಲಿ ಆ ದೇಶದ ಸಾಹಿತ್ಯ ಅಕಾಡೆಮಿಯೇ ಇದು ಶಿಷ್ಟರ ಮಾತೂ ಹೌದು ಎಂದು ಒಪ್ಪಿಕೊಂಡಿತು.

ಎಲ್ಲವೂ ಈ ನಕ್ಷೆಗೆ ಒಗ್ಗುವುದಿಲ್ಲ ಅನ್ನಿ. ಕೊಲಂಬಿಯಾ ಒಂದರಲ್ಲೇ ಮೆಡೆಯಿನ್‌ನವರು 'ವೋಸ್' ಅನ್ನುತ್ತಾರೆ, ಕೆರಿಬಿಯನ್ ಕರಾವಳಿಯವರು 'ತು'. ಬೊಗೊಟಾದಲ್ಲಿ ಅಣ್ಣತಮ್ಮಂದಿರೂ 'ಉಸ್ತೆದ್' ಹೇಳಿಕೊಳ್ಳುವುದುಂಟು. ಬೊಯಾಕಾ ಬೆಟ್ಟಗಳಲ್ಲಿ 'ಸುಮೆರ್ಸೇ' ಇನ್ನೂ ಬಳಕೆಯಲ್ಲಿದೆ, ಹಳೆಯ 'ಮೆರ್ಸೆದ್' ಹಾಗೇ ಕಾಣುವಂತೆ. ಕೋಸ್ಟರಿಕಾದಲ್ಲಂತೂ ಮನೆಯ ನಾಯಿಗೂ 'ಉಸ್ತೆದ್'! ಇನ್ನು ಒಂದಕ್ಕಿಂತ ಹೆಚ್ಚು ಗೆಳೆಯರಿದ್ದರೆ ಸ್ಪೇನ್‌ನ ಬಹುಭಾಗದಲ್ಲಿ 'ವೋಸೋತ್ರೋಸ್', ಅಮೆರಿಕ ಖಂಡದಲ್ಲೆಲ್ಲ 'ಉಸ್ತೆದೆಸ್'.

ಮ್ಯಾಡ್ರಿಡ್‌ನ ರಾಜ ಅಕಾಡೆಮಿ 1713ರಿಂದ ಈ ಭಾಷೆಯ ಕಾವಲುಗಾರ. ಅದರ ನಿಘಂಟಿನ ಕ್ರಿಯಾಪದ ಪಟ್ಟಿಗಳಲ್ಲಿ ಈಗ 'ತು' ಮತ್ತು 'ವೋಸ್' ಒಂದೇ ಸಾಲಿನಲ್ಲಿ ಅಚ್ಚಾಗುತ್ತವೆ.